ಆರ್ನಾಲ್ಡ್ ಬಿಡಿಸಿದ ಊಟ

ಬಸ್ ಓಡಿಸುವ ಕೆಲಸದಿಂದ ನಿವೃತ್ತನಾದ ಮೇಲೆ ಆರ್ನಾಲ್ಡ್ ಗ್ರಿಮ್‌ಶಾಗೆ ಚಿತ್ರ ಬಿಡಿಸುವ ಹುಚ್ಚು ಹಿಡಿಯಿತು. ಹಿಡಿಯಲಿ ಬಿಡಿ, ಹುಚ್ಚಿಲ್ಲದ ಮನುಷ್ಯ ಯಾರಿದ್ದಾರೆ? ಇಂಗ್ಲೆಂಡಿನ ಲ್ಯಾಂಕಶೈರ್ ಸೀಮೆಯ ಬ್ರಾಕೆನ್‌ಶಾ ಎಂಬ ಆ ಪುಟ್ಟ ಊರಲ್ಲಿ ನಿವೃತ್ತರಾದ ಗಂಡಸರು ಒಂದೋ ಪಾರಿವಾಳ ಸಾಕುತ್ತಾರೆ, ಇಲ್ಲವೇ ಹಿತ್ತಲಲ್ಲಿ ಈರುಳ್ಳಿ ಬೆಳೆಯುತ್ತಾರೆ. ಎರಡೂ ಆಗದವರು ಹೆಂಡತಿಯ ಕಾಲಿಗೆ ಅಡ್ಡ ಸಿಗುತ್ತಾರೆ. ಆರ್ನಾಲ್ಡ್ ಈ ಮೂರನೆಯ ಗುಂಪಿನವನು. ಅವನ ಹೆಂಡತಿ ವಿನ್ನಿಯೇ ನೀರಿನ ಬಣ್ಣದ ಪೆಟ್ಟಿಗೆಯೊಂದನ್ನು ತಂದುಕೊಟ್ಟು, "ಚಿತ್ರದ ಕ್ಲಾಸಿಗೆ ಹೋಗು ಮಾರಾಯ. ನನ್ನ ಅಡುಗೆಮನೆ ಒಂದು ಬಿಟ್ಟು ಎಲ್ಲಿಗಾದ್ರೂ ಹೋಗು" ಎಂದು ಅಟ್ಟಿದ್ದಳು. ಪಾಪ, ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಳು.

ಕ್ಲಾಸಿನವರು ಗುಡ್ಡ ಬಿಡಿಸಲು ಗುಡ್ಡಕ್ಕೇ ಕರೆದುಕೊಂಡು ಹೋದರು. ಆ ಕಡೆಯ ಮಳೆಗೆ ಹೊತ್ತು ಗೊತ್ತು ಒಂದೂ ಇಲ್ಲ. ಆರ್ನಾಲ್ಡ್ ಹಚ್ಚಿದ ಹಸಿರು ಗುಡ್ಡ ಕಾಗದದಿಂದ ಇಳಿದು ಅವನ ಪ್ಯಾಂಟಿಗೆ ಬಂತು. ಇನ್ನು ಬಿಡಿಸಿದರೆ ಒಳಗೆ ಬೆಚ್ಚಗೆ ಕೂತು, ಎದುರಿಗೆ ಇದ್ದುದನ್ನೇ ಬಿಡಿಸುವುದು ಎಂದು ಅವತ್ತೇ ನಿರ್ಧರಿಸಿದ. ಎದುರಿಗೆ ಇರುತ್ತಿದ್ದುದು ಊಟ. ಹಾಗಾಗಿ ಟೋಸ್ಟಿನ ಮೇಲೆ ಸುರಿದ ಬೀನ್ಸ್, ಕಾಗದದಲ್ಲಿ ಕಟ್ಟಿ ತಂದ ಮೀನು ಮತ್ತು ಚಿಪ್ಸ್, ಕಸ್ಟರ್ಡಿನಲ್ಲಿ ಮುಳುಗಿದ ಸೇಬಿನ ಪೈ, ಎಲ್ಲವೂ ಅವನ ಕುಂಚಕ್ಕೆ ಸಿಕ್ಕವು.

ಅವನಿಗೊಂದು ನೇಮವಿತ್ತು: ಕಂಡದ್ದನ್ನು ಕಂಡ ಹಾಗೇ ಬಿಡಿಸಬೇಕು. ರಸ್ತೆಯಲ್ಲಿ ನರಪಿಳ್ಳೆ ಇಲ್ಲದಿದ್ದರೂ ಕೆಂಪು ದೀಪಕ್ಕೆ ಬಸ್ಸು ನಿಲ್ಲಿಸಿದವನು, ಬೀನ್ಸಿನ ವಿಷಯದಲ್ಲಿ ಮೋಸ ಮಾಡುತ್ತಾನೆಯೇ? ಇನ್ನು ಕೈಯೋ, ಬಲು ನಿಧಾನ. ಬೆಳಗಿನ ಮೊಟ್ಟೆಯ ಚಿತ್ರ ಮುಗಿಯುವಷ್ಟರಲ್ಲಿ ವಿನ್ನಿ ಮಧ್ಯಾಹ್ನದ ಪಾತ್ರೆ ತೊಳೆದಿಟ್ಟಿರುತ್ತಿದ್ದಳು.

"ಬಿಸಿ ಬಿಸಿ ತಿನ್ನೋ ಅಂದ್ರೆ ತಿನ್ನಲ್ಲ. ಶವ ನೋಡಿದ ಹಾಗೆ ನೋಡ್ತಾ ಕೂತಿರ್ತಾನೆ" ಎಂದು ಗೊಣಗುತ್ತಿದ್ದಳು.

ಅಷ್ಟಕ್ಕೇ ನಿಂತಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಒಂದು ದಿನ ಅವನು ವಿನ್ನಿಯ ಹಾಟ್‌ಪಾಟ್ ಬಿಡಿಸಲು ಕೂತ. ನಮ್ಮಲ್ಲಿ ಚಪಾತಿ ಇಡುವ ಡಬ್ಬಿಯಲ್ಲ ಇದು. ಕುರಿಮಾಂಸ, ಈರುಳ್ಳಿಯ ಮೇಲೆ ಆಲೂಗಡ್ಡೆಯ ಬಿಲ್ಲೆ ಹೊದಿಸಿ ಹೊತ್ತುಗಟ್ಟಲೆ ಓವನ್ನಿನಲ್ಲಿ ಬೇಯಿಸುವ ಊಟ. ಚಾಪೆಲ್ ಎಂಬ ಊರಿನ ಪುಟ್ಟ ಚರ್ಚಿನಲ್ಲಿ ವರ್ಷಕ್ಕೊಮ್ಮೆ ಊರೆಲ್ಲ ಕೂಡಿ ಉಣ್ಣುವ ಹಾಟ್‌ಪಾಟ್ ಊಟಕ್ಕೆ ಅಡುಗೆ ವಿನ್ನಿಯದೇ. ಅವಳ ತಾಯಿಯ ಕಾಲದಿಂದಲೂ ಅದು ಆ ಮನೆಯ ಹಕ್ಕು. ವಿನ್ನಿಗೆ ಒಡವೆ ಇರಲಿಲ್ಲ, ಓದು ಇರಲಿಲ್ಲ, ಇದ್ದ ಹೆಮ್ಮೆ ಇದೊಂದೇ.

ಆರ್ನಾಲ್ಡ್ ಆಲೂಗಡ್ಡೆಯ ಕಂದು ಅಂಚು ಮುಗಿಸಿ ಮಾಂಸದ ಸಾರನ್ನು ಬಿಡಿಸಲು ಬರುವಷ್ಟರಲ್ಲಿ ತಟ್ಟೆ ತಣ್ಣಗಾಗಿತ್ತು. ಸಾರಿನ ಮೇಲೆ ಕುರಿಕೊಬ್ಬು ಬೆಳ್ಳಗೆ ಹೆಪ್ಪುಗಟ್ಟಿತ್ತು. ನೀರಿನ ಬಣ್ಣದಲ್ಲಿ ಬಿಳಿಯನ್ನು ಹಚ್ಚುವ ಪದ್ಧತಿ ಇಲ್ಲ, ಬಿಳಿ ಬೇಕಾದ ಕಡೆ ಕಾಗದವನ್ನೇ ಖಾಲಿ ಬಿಡಬೇಕು. ಅವನು ಉಸಿರು ಬಿಗಿಹಿಡಿದು ಆ ಕೊಬ್ಬಿನ ಸುತ್ತ ಬಣ್ಣ ಎಳೆದ. ಎಂಥ ಚಂದ ಬಂತೆಂದರೆ, ಮುಟ್ಟಿದರೆ ಬೆರಳಿಗೆ ಜಿಡ್ಡು ಅಂಟಬೇಕು! ತನ್ನ ಜನ್ಮದಲ್ಲೇ ಇಷ್ಟು ಒಳ್ಳೆಯ ಚಿತ್ರ ಬಿಡಿಸಿಲ್ಲವೆಂದು ಹಿಗ್ಗಿದ. ಕ್ಲಾಸಿನವರು ಚಾಪೆಲ್ಲಿನ ಸಭಾಂಗಣದಲ್ಲಿ ಪ್ರದರ್ಶನ ಇಟ್ಟಾಗ ಅದನ್ನೇ ಕೊಟ್ಟ. ಕೆಳಗೆ ಪ್ರೀತಿಯಿಂದ ಚೀಟಿ ಅಂಟಿಸಿದ: "ವಿನ್ನಿಯ ಹಾಟ್‌ಪಾಟ್."

ಜನ ಬಂದರು, ನೋಡಿದರು. ಒಬ್ಬರ ಬಾಯಲ್ಲೂ ಬಣ್ಣದ ಮಾತು ಬರಲಿಲ್ಲ. "ಕೊಬ್ಬು ಸ್ವಲ್ಪ ಜಾಸ್ತಿ, ಅಲ್ವಾ?" ಎಂದರು. "ವಿನ್ನಿಗೂ ವಯಸ್ಸಾಯ್ತಲ್ಲ" ಎಂದರು.

ವಾರದೊಳಗೆ ಚಾಪೆಲ್ಲಿನ ಊಟದ ಉಸ್ತುವಾರಿ ನೋಡಿಕೊಳ್ಳುವ ಮುರಿಯೆಲ್ ಬಂದಳು. ಚಹಾ ಕುಡಿದಳು, ಬಿಸ್ಕತ್ತು ತಿಂದಳು, ಹವೆಯ ಬಗ್ಗೆ ಮಾತಾಡಿದಳು. ಎದ್ದು ಕೋಟು ಹಾಕಿಕೊಳ್ಳುವಾಗ ಮೆಲ್ಲಗೆ, "ವಿನ್ನಿ, ಈ ಸಲ ನೀನು ರೆಸ್ಟ್ ತಗೋಬೇಕು ಅಂತ ನಮಗೆಲ್ಲ ಅನ್ನಿಸ್ತು. ಎಷ್ಟು ವರ್ಷ ದುಡಿದಿದೀಯ! ಈ ಸಲ ಅಡುಗೆ ನಮ್ಮ ಚಾಪೆಲ್ಲಿನ ಎತೆಲ್ ಮಾಡ್ತಾಳಂತೆ" ಎಂದಳು.

ವಿನ್ನಿ ನಗುನಗುತ್ತಲೇ ಬಾಗಿಲವರೆಗೆ ಕಳಿಸಿಬಂದಳು. ಬಾಗಿಲು ಹಾಕಿದ ಮೇಲೆ ಮೆಟ್ಟಿಲ ಮೇಲೆ ಕುಸಿದು ಕೂತಳು. "ನನ್ನ ಮಾನ ತೆಗೆದುಬಿಟ್ಯಲ್ಲೋ" ಎಂದಳು. ಅವಳು ಅತ್ತಿದ್ದನ್ನು ಆರ್ನಾಲ್ಡ್ ಹಿಂದೆ ನೋಡಿರಲಿಲ್ಲ.

"ಈಗಲೇ ಹೋಗಿ ಚಿತ್ರ ಇಳಿಸಿಬಿಡ್ತೀನಿ" ಎಂದ.

"ಇಳಿಸು! ಇಳಿಸಿದ್ರೆ ನಿಜ ಅಂತ ಒಪ್ಪಿಕೊಂಡ ಹಾಗೇ ಆಗುತ್ತೆ. ಮುಟ್ಟಿದ್ರೆ ನೋಡು!"

ಮರುದಿನದಿಂದ ಅವನಿಗೆ ಡಬ್ಬಿಯ ಮಾಂಸದ ತಣ್ಣನೆಯ ತುಂಡು, ಜೊತೆಗೆ ಬೀಟ್‌ರೂಟಿನ ಉಪ್ಪಿನಕಾಯಿ. ಬೆಳಗ್ಗೆಯೂ ಅದೇ, ಸಂಜೆಯೂ ಅದೇ.

"ಆರಾಮಾಗಿ ಬಿಡಿಸು. ಆರಿಹೋಗುತ್ತೆ ಅನ್ನೋ ಭಯ ಇಲ್ಲ" ಎನ್ನುತ್ತಿದ್ದಳು ವಿನ್ನಿ.

ಆರ್ನಾಲ್ಡ್ ಮುರಿಯೆಲ್ ಮನೆಗೇ ಹೋದ. "ನೋಡು, ಅವಳ ಅಡುಗೆಯಲ್ಲಿ ಏನೂ ದೋಷ ಇಲ್ಲ" ಎಂದ. "ಅಯ್ಯೋ, ದೋಷ ಇದೆ ಅಂತ ಯಾರಪ್ಪಾ ಅಂದೋರು?" ಎಂದು ಮುರಿಯೆಲ್ ಕಣ್ಣರಳಿಸಿದಳು. ಕಟುಕನ ಅಂಗಡಿಯಲ್ಲಿ ಹೇಳಿದ, ಅಂಚೆ ಕಚೇರಿಯಲ್ಲಿ ಹೇಳಿದ. ಎಲ್ಲ ಕಡೆಯೂ ಅದೇ ಉತ್ತರ, ಮೇಲೊಂದು ಸಿಹಿಯಾದ ನಗು. ಆ ಊರಿನವರ ಜಾಯಮಾನವೇ ಹಾಗೆ. ಕತ್ತು ಕುಯ್ದರೂ "ನೋವಾಯ್ತಾ, ಸಾರಿ" ಎಂದೇ ಕುಯ್ಯುವುದು. ಯಾರೂ ಆಡದ ಮಾತನ್ನು ಅವನಾದರೂ ಹೇಗೆ ಸುಳ್ಳೆಂದು ಸಾಧಿಸಬೇಕು?

ಊಟದ ಸಂಜೆ ಬಂತು. ಬರುವುದಿಲ್ಲವೆಂದು ವಿನ್ನಿ ಹಟ ಹಿಡಿದವಳು, ಬರದಿದ್ದರೆ ಇನ್ನೂ ಆಡಿಕೊಳ್ಳುತ್ತಾರೆಂದು ಒಳ್ಳೆಯ ಹ್ಯಾಟು ಹಾಕಿಕೊಂಡು ಬಂದು ತಲೆಯೆತ್ತಿ ಕೂತಳು. ಗೋಡೆಯ ಮೇಲೆ ಅವಳ ಹಾಟ್‌ಪಾಟ್ ಜಿಡ್ಡುಗಟ್ಟಿ ತೂಗುತ್ತಿತ್ತು. ಪ್ರಾರ್ಥನೆ ಮುಗಿಯಿತು, ಎತೆಲ್ ಮಾಡಿದ ಹಾಟ್‌ಪಾಟ್ ಹಬೆಯಾಡುತ್ತ ತಟ್ಟೆಗೆ ಬಿತ್ತು. ಎಲ್ಲರೂ ಫೋರ್ಕು ಎತ್ತಿದರು. ಆರ್ನಾಲ್ಡ್ ತಟ್ಟೆಯನ್ನೇ ಎತ್ತಿದ. ಹೋಗಿ ಚಿತ್ರದ ಕೆಳಗೆ ತಟ್ಟೆ ಹಿಡಿದು ನಿಂತ.

"ಕೂತ್ಕೊಂಡು ಊಟ ಮಾಡು, ಆರ್ನಾಲ್ಡ್" ಎಂದಳು ಮುರಿಯೆಲ್.

"ಪರವಾಗಿಲ್ಲ. ನೀವು ಮಾಡಿ."

ಜನ ಅವನತ್ತ ನೋಡದಿರಲು ಪಟ್ಟ ಪಾಡು ಹೇಳತೀರದು. ಹವೆಯ ಬಗ್ಗೆ ಮಾತಾಡಿದರು. ಉಪ್ಪು ಕೊಡಿ ಎಂದರು, ಬೇಡದಿದ್ದವರೂ ಇಸಿದುಕೊಂಡರು. ವಿನ್ನಿ ಎತ್ತಿದ ತಲೆ ತಗ್ಗಿಸಿಬಿಟ್ಟಳು, ಇವನು ಇದ್ದ ಒಂದಿಷ್ಟು ಮಾನವನ್ನೂ ಕಳೆದನೆಂದು ಕಿವಿಯೆಲ್ಲ ಕೆಂಪಾಗಿತ್ತು. ಚಾಪೆಲ್ಲಿನ ಹೀಟರೋ ಹೆಸರಿಗಷ್ಟೇ ಇದ್ದದ್ದು. ಎಲ್ಲರ ತಟ್ಟೆ ಖಾಲಿಯಾಗುವ ಹೊತ್ತಿಗೆ ಆರ್ನಾಲ್ಡನ ತಟ್ಟೆಯಲ್ಲಿ ಮೊದಲು ಅಂಚು ಬಿಳುಚಿತು, ಆಮೇಲೆ ಸಾರಿನ ತುಂಬ ಬೆಳ್ಳನೆಯ ಕೆನೆ ಕಟ್ಟಿತು. ಅವನು ತಟ್ಟೆಯನ್ನು ಚಿತ್ರದ ಪಕ್ಕಕ್ಕೆ ಎತ್ತಿ ಹಿಡಿದ.

"ನೋಡಿ. ಎತೆಲ್‌ದೂ ಹೀಗೇ ಆಯ್ತು. ಎತೆಲ್ ತಪ್ಪಲ್ಲ. ಯಾವ ಊಟಾನೂ ಹೀಗೇ ಆಗುತ್ತೆ, ಮುಂದೆ ನನ್ನಂಥ ಕತ್ತೆ ಕೂತ್ರೆ." ತಟ್ಟೆಯನ್ನು ಎಲ್ಲರಿಗೂ ಕಾಣುವ ಹಾಗೆ ತಿರುಗಿಸಿದ. "ನನ್ನ ಹೆಂಡತಿ ಮದುವೆಯಾದ ದಿನದಿಂದ ಈ ಚಿತ್ರ ಗೋಡೆಗೆ ಬೀಳೋವರೆಗೂ ಒಂದು ದಿನವೂ ನನಗೆ ತಣ್ಣಗಿನ ಊಟ ಹಾಕಿಲ್ಲ. ಅವಳು ಬಿಸಿಬಿಸಿ ತಂದಿಟ್ಲು, ನಾನು ಆರೋಕೆ ಬಿಟ್ಟೆ. ಅಷ್ಟೇ ಹೇಳೋದಿತ್ತು."

ಹೆಂಡತಿಯ ಬಗ್ಗೆ ಇಷ್ಟು ಗಟ್ಟಿಯಾಗಿ ಮಾತಾಡಿದ ಗಂಡಸನ್ನು ಬ್ರಾಕೆನ್‌ಶಾ ಹಿಂದೆಂದೂ ಕಂಡಿರಲಿಲ್ಲ. ಎತೆಲ್ ಕತ್ತು ಚಾಚಿ ನೋಡಿ, "ಅಯ್ಯಯ್ಯೋ, ನಂದು ಇನ್ನೂ ದಪ್ಪಗೆ ಕಟ್ಟಿದೆಯಲ್ಲೇ!" ಎಂದದ್ದೇ ತಡ, ಇಡೀ ಸಭೆ ಬಿದ್ದು ಬಿದ್ದು ನಕ್ಕಿತು.

ಮುರಿಯೆಲ್ ಕೆಮ್ಮಿದಳು. "ಮುಂದಿನ ವರ್ಷ ನಿಂದೇ ಅಡುಗೆ, ವಿನ್ನಿ. ಅದರಲ್ಲೇನು ಅನುಮಾನ?"

"ನೋಡೋಣ ಮುರಿಯೆಲ್" ಎಂದಳು ವಿನ್ನಿ ಗತ್ತಿನಿಂದ. "ರೆಸ್ಟ್ ಬಹಳ ಹಿಡಿಸಿಬಿಟ್ಟಿದೆ ನಂಗೆ." ಒಪ್ಪಿಕೊಳ್ಳುವ ಮುನ್ನ ಮುರಿಯೆಲ್ ಕೈಲಿ ಮೂರು ಸಲ ಕೇಳಿಸಿಕೊಂಡಳು.

ಮನೆಯ ದಾರಿಯುದ್ದಕ್ಕೂ ಅವಳು ಗಂಡನ ತೋಳು ಹಿಡಿದೇ ನಡೆದಳು. ಮರುದಿನ ಮಧ್ಯಾಹ್ನ ಮನೆತುಂಬ ಹಾಟ್‌ಪಾಟಿನ ಘಮ. ಆರ್ನಾಲ್ಡ್ ಬಣ್ಣದ ಪೆಟ್ಟಿಗೆಯನ್ನು ಕಪಾಟಿನಲ್ಲಿಟ್ಟು, ಕೈ ತೊಳೆದು, ಫೋರ್ಕು ಹಿಡಿದು ಶಿಸ್ತಾಗಿ ಕೂತಿದ್ದ. ವಿನ್ನಿ ಅವನ ಮುಂದೆ ಒಂದು ತಟ್ಟೆ ಇಟ್ಟಳು. ಅದರ ಪಕ್ಕದಲ್ಲಿ, ಆಲೂಗಡ್ಡೆಯ ಚಂದದ ಬಿಲ್ಲೆಗಳನ್ನೇ ಆರಿಸಿ ಜೋಡಿಸಿದ ಇನ್ನೊಂದು ತಟ್ಟೆ ಇಟ್ಟಳು. ಕಪಾಟಿನಿಂದ ಬಣ್ಣದ ಪೆಟ್ಟಿಗೆಯನ್ನೂ ತಂದು ಕುಕ್ಕಿದಳು.

"ಇದು ತಿನ್ನೋಕೆ, ಅದು ಬಿಡಿಸೋಕೆ" ಎಂದಳು. "ಮೊದಲು ತಿನ್ನು."