ಬಾವಿಯ ನೀರಿಗೆ ನನ್ನ ಬಸಿರು ಸಾಕ್ಷಿ

ನಾನು ಮೊದಲ ಸಲ ಬಸುರಿಯಾಗಿದ್ದಾಗ ನನ್ನ ಹೊಟ್ಟೆಯ ಮೇಲೆ ಒಂದು ಊರೇ ಕಣ್ಣಿಟ್ಟು ಕೂತಿತ್ತು. ಬಡಾಯಿ ಕೊಚ್ಚುತ್ತಿಲ್ಲ, ನಡೆದದ್ದೇ ಹಾಗೆ. ಹಳಿಯಾಳ ತಾಲೂಕಿನ ಅಡವಿಯಂಚಿನ ಒಂದು ಸಣ್ಣ ಊರು ಅದು. ಇದ್ದವರೆಲ್ಲ ಸಿದ್ದಿ ಜನ. ಮನೆಯೊಳಗೆ ಕೊಂಕಣಿ, ನಮ್ಮಂಥವರ ಜೊತೆ ಕನ್ನಡ. ಹತ್ತಿರದ ಉಪಕೇಂದ್ರಕ್ಕೆ ನಾನು ನರ್ಸು, ಊರವರ ಬಾಯಲ್ಲಿ ‘ಬಾಯಾರು’, ಧಾರವಾಡದ ಕಡೆಯವಳು. ಗಂಡ ದಾಂಡೇಲಿಯ ಪೇಪರ್ ಮಿಲ್ಲಿನಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದ, ವಾರಕ್ಕೊಮ್ಮೆ ಮುಖ ಕಂಡರೆ ಪುಣ್ಯ. ಎಮರ್ಜೆನ್ಸಿ ಆಗಷ್ಟೇ ಮುಗಿದಿತ್ತು.

ಆ ಊರಿಗೆ ಸರ್ಕಾರದ ಬಾವಿ ಬಂದು ಒಂದು ವರ್ಷವೂ ಆಗಿರಲಿಲ್ಲ. ಅದಕ್ಕೂ ಮೊದಲು ಹಳ್ಳದ ಮರಳಿನಲ್ಲಿ ಒರತೆ ತೋಡಿ, ತೆಂಗಿನ ಚಿಪ್ಪಿನಲ್ಲಿ ಮೊಗೆದು ಕೊಡ ತುಂಬುತ್ತಿದ್ದರು. ಅದೇ ಹಳ್ಳದಲ್ಲಿ ಮೇಲ್ಗಡೆ ಎಮ್ಮೆ ಬೀಳುತ್ತಿದ್ದವು. ಪ್ರತಿ ಮಳೆಗಾಲಕ್ಕೆ ಒಂದೆರಡು ಮಕ್ಕಳು ವಾಂತಿಭೇದಿಗೆ ಹೋಗುವುದು ಊರಿಗೆ ರೂಢಿಯಾಗಿಬಿಟ್ಟಿತ್ತು. ಸಾವೂ ರೂಢಿಯಾಗುತ್ತದೆಯೇ ಅಂತ ನನಗೆ ಮೈ ಉರಿಯುತ್ತಿತ್ತು. ಬಾವಿ ಬಂದಾಗ ಹೆಂಗಸರು ಕುಂಕುಮ ಹಚ್ಚಿ ಕಾಯಿ ಒಡೆದು ಆ ನೀರು ಕುಡಿಯತೊಡಗಿದ್ದರು. ಸದ್ಯ, ಒಂದು ಕಾಟ ತಪ್ಪಿತು ಅಂದುಕೊಂಡಿದ್ದೆ.

ಬೇಸಿಗೆಯಲ್ಲಿ ನೀರು ತಳ ಹಿಡಿಯಿತು. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಬೇಕಾಯಿತು. ಬಕೆಟ್ಟಿನಲ್ಲಿ ಪುಡಿ ಕದಡಿ, ಸುಣ್ಣ ಕೆಳಗೆ ಕೂರುವ ತನಕ ಕಾದು, ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ ಹಗ್ಗದಿಂದ ಬಾವಿಗಿಳಿಸಿ ಮೇಲೆ ಕೆಳಗೆ ಆಡಿಸಬೇಕು. ಸಂಜೆ ಹಾಕಿದರೆ ಬೆಳಿಗ್ಗೆ ಕುಡಿಯಬಹುದು. ನಾನು ಅದನ್ನೆಲ್ಲ ಮಾಡುವಾಗ ಹೆಂಗಸರು ದೂರ ನಿಂತು ನೋಡಿದರು. ಮರುದಿನ ಬಾವಿಗೆ ಒಬ್ಬರೂ ಬರಲಿಲ್ಲ. ಕೊಡಗಳೆಲ್ಲ ಮತ್ತೆ ಹಳ್ಳದ ದಾರಿ ಹಿಡಿದಿದ್ದವು.

ಊರಿನ ಹಿರಿಯ ಹೆಂಗಸೊಬ್ಬಳಿದ್ದಳು. ಎಲ್ಲರೂ ಆಯಿ ಅನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಅವಳ ಮಾತು ದಾಟಿ ಅಲ್ಲಿ ಒಲೆ ಕೂಡ ಹೊತ್ತುತ್ತಿರಲಿಲ್ಲ. ನೇರ ಅವಳ ಅಂಗಳಕ್ಕೇ ಹೋದೆ.

“ಯಾಕ ಆಯಿ, ನೀರ ಒಲ್ಲೆ ಅಂದ್ರಂತ?”

“ನಾರತೈತ್ರಿ.”

“ಎರಡ ದಿನ ನಾರತೈತಿ, ಆಮ್ಯಾಲೆ ಹೋಗತೈತಿ.”

ಅವಳು ಎಲೆಯಡಿಕೆ ಉಗುಳಿ ಬಂದು ಸಾವಕಾಶ ಕೂತಳು. “ಬಾಯಾರ, ಸುಳ್ಳ ಯಾಕ ಹೇಳ್ಲಿ? ಮೊದಲ ಜೀಪ್ ತಂದು ಗಂಡಸರ್ನ ಮಕ್ಕಳಾಗದಂಗ ಆಪರೇಶನ್ ಮಾಡಾಕ ಒಯ್ದ್ರಿ. ಈಗ ಜೀಪ್ ಬರೂದು ಬಂದ್ ಆತು. ಅದಕ್ಕ ಹೆಂಗಸರ ಹೊಟ್ಟಿ ಬಂಜಿ ಮಾಡಾಕ ಬಾವ್ಯಾಗ ಔಷಧ ಹಾಕಾಕ ಹತ್ತೀರಿ. ನಾವೇನು ತಿಳೀಲಾರದವರಾ?”

ಅಯ್ಯ ಶಿವನೇ! ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬಾಯಿ ಬಿದ್ದು ಹೋಗುವ ಹಾಗೆ ಹೇಳಿದೆ, ಒದರಾಡಿದೆ. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡಿದ್ದೇ ಬಂತು. ಸಿಟ್ಟು ಇಳಿದ ಮೇಲೆ ಅವಳ ಮಾತು ಪೂರಾ ಸುಳ್ಳೂ ಅಲ್ಲವಲ್ಲ ಅನ್ನಿಸಿತು. ಆ ಒಂದೆರಡು ವರ್ಷ ಜೀಪಿನ ಸಪ್ಪಳ ಕೇಳಿದರೆ ಸಾಕು, ಗಂಡಸರು ಉಣ್ಣುವ ತಾಟು ಬಿಟ್ಟು ಅಡವಿ ಸೇರುತ್ತಿದ್ದರು. ಒಮ್ಮೆ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ಇವರು ಹೆದರಿದ್ದರಲ್ಲಿ ತಪ್ಪೇನಿತ್ತು?

ಆದರೆ ನನ್ನ ಜೀವ ಹೊಡೆದುಕೊಳ್ಳುತ್ತಿದ್ದದ್ದು ಆಯಿಯ ಸೊಸೆಗಾಗಿ. ಮದುವೆಯಾಗಿ ಬಹಳ ವರ್ಷ ಹೊಟ್ಟೆ ತುಂಬದೆ, ಹರಕೆ ಹೊತ್ತು ಹೊತ್ತು ದಣಿದ ಮೇಲೆ ಆಗ ಅವಳಿಗೆ ನಾಲ್ಕು ತಿಂಗಳು. ಅವಳ ಬಸಿರು ಕಾಯುವುದಕ್ಕೇ ಆಯಿ ಇಡೀ ಊರನ್ನು ಬಾವಿಯಿಂದ ಹಿಂದಕ್ಕೆಳೆದಿದ್ದಳು. ನಾನೂ ಅದೇ ಬಸಿರು ಕಾಯಬೇಕೆಂದೇ ಬಡಿದಾಡುತ್ತಿದ್ದೆ. ಮಳೆ ಬಿದ್ದ ಮೇಲೆ ಆ ಹಳ್ಳದ ನೀರು ಏನು ಮಾಡುತ್ತದೆಂದು ನನಗೆ ಗೊತ್ತಿತ್ತು.

ಕಡೆಗೆ ಒಂದು ಮುಂಜಾನೆ ಬಾವಿಯಿಂದ ನಾನೇ ಸೇದಿ, ಎಲ್ಲರೆದುರು ಒಂದು ತಂಬಿಗೆ ನೀರು ಗಟಗಟ ಕುಡಿದೆ. ನನಗೆ ಆಗ ಏಳು ತಿಂಗಳು. ಹೊಟ್ಟೆ ಮುಟ್ಟಿಕೊಂಡು, “ನೋಡ್ರಿ, ನಾನೂ ಬಸುರಿ ಇದ್ದೇನಿ. ಬಂಜಿ ಮಾಡೂ ಔಷಧ ಆಗಿದ್ರ ನಾ ಕುಡೀತಿದ್ನ್ಯಾ?” ಅಂದೆ.

ಆಯಿ ಜಗ್ಗಲಿಲ್ಲ. “ಇಲ್ಲೆ ಒಂದ್ ತಂಬಿಗಿ ಕುಡಿತೀರಿ, ಮನ್ಯಾಗ ಬ್ಯಾರೆ ನೀರ ಕುಡಿತೀರಿ. ಯಾರ ನೋಡ್ಯಾರ?” ಅಂದವಳು, ಸ್ವಲ್ಪ ಯೋಚಿಸಿ, “ದಿನಾ ಇದನ್ನ ಕುಡೀರಿ. ನಿಮ್ಮ ಕೂಸು ನೆಟ್ಟಗ ಹುಟ್ಟಲಿ. ಆಮ್ಯಾಲೆ ನಾವೂ ಕುಡಿತೇವಿ,” ಅಂತ ತೀರ್ಮಾನ ಕೊಟ್ಟಳು.

ಮರುದಿನದಿಂದ ನಸುಕಿಗೇ ನನ್ನ ಬಾಗಿಲಲ್ಲಿ ಆಯಿ. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಕೊಡ. ತಾನು ಮುಟ್ಟದ, ಸೊಸೆಗೆ ಮುಟ್ಟಗೊಡದ ನೀರನ್ನು ನನಗಾಗಿ ಹೊತ್ತು ತಂದು, ನನ್ನ ಹರವಿಗೆ ಸುರಿದು, ನಾನು ಕುಡಿಯುವ ತನಕ ಹೊಸ್ತಿಲಲ್ಲಿ ಕೂತಿರುತ್ತಿದ್ದಳು. ಹಾಗೆ ಕೂತವಳು ಸುಮ್ಮನಿರುತ್ತಿರಲಿಲ್ಲ. ಕಾಲು ಬಾತಿವೆಯೇ, ಕೂಸು ಒದೆಯುತ್ತದೆಯೇ, ರಾತ್ರಿ ಯಾವ ಮಗ್ಗುಲಾಗಿ ಮಲಗುತ್ತೀರಿ? ಸೆರಗಿನ ಗಂಟಿನಲ್ಲಿ ಮುರುಗಲ ಹಣ್ಣೋ, ಎಲೆಯಲ್ಲಿ ಸುತ್ತಿದ ಜೇನುಹುಟ್ಟಿನ ತುಣುಕೋ ಇದ್ದೇ ಇರುತ್ತಿತ್ತು. “ತವರು ದೂರ ಐತಿ, ಬಾಯಿಗೆ ರುಚಿ ಬೇಕಲ್ಲ?” ಅನ್ನುತ್ತಿದ್ದಳು. ಇವಳನ್ನು ಬೈಯಬೇಕೋ, ಕಾಲು ಹಿಡಿಯಬೇಕೋ ನನಗೆ ತಿಳಿಯುತ್ತಿರಲಿಲ್ಲ.

ಸುದ್ದಿ ಧಾರವಾಡ ಮುಟ್ಟಿ ಅವ್ವ ಕೆಂಡವಾದಳು. ಬಸ್ಸು ಹಿಡಿದು ಬಂದೇಬಿಟ್ಟಳು. “ನಿನಗ ತಲಿ ನೆಟ್ಟಗೈತೇನು? ಮಂದೀ ಬಾವಿ ಸಲುವಾಗಿ ನಿನ್ನ ಹೊಟ್ಟಿ ಪಣಕ್ಕ ಇಡತಿಯಾ? ಅದೇನು ಸರ್ಕಾರದ್ದಾ?” ಅಂದಳು. ನಾನು ನಕ್ಕೆ. ಆದರೆ ಒಳಗೊಳಗೇ ಹೆದರಿಕೆ ಶುರುವಾಗಿತ್ತು. ನೀರಿನ ಹೆದರಿಕೆಯಲ್ಲ. ಹೆರಿಗೆಯೆಂದರೆ ಏನು ಬೇಕಾದರೂ ಆಗಬಹುದು, ಎಷ್ಟೋ ಮಾಡಿಸಿದ ಕೈ ನನ್ನದು. ಕರುಳುಬಳ್ಳಿ ಕೊರಳಿಗೆ ಸುತ್ತಿದರೂ ಅಪವಾದ ಬಾವಿಗೇ ಬರುತ್ತಿತ್ತು. ಆಮೇಲೆ ಆ ನೀರನ್ನು ಆ ಊರು ಕುಡಿಯುವ ಮಾತೇ ಇರಲಿಲ್ಲ. ನನ್ನ ಕೂಸು ನನಗಷ್ಟೇ ಹುಟ್ಟಬೇಕಿತ್ತು, ಅದರ ತಲೆಯ ಮೇಲೆ ಇಷ್ಟು ಭಾರ ಹೊರಿಸಿದೆನಲ್ಲ ಅಂತ ಅಳು ಬರುತ್ತಿತ್ತು.

ಒಂದು ದಿನ ಸೊಸೆಯೇ ತಪಾಸಣೆಗೆ ಬಂದಿದ್ದಳು. ನನ್ನ ಹರವಿಯ ಕಡೆ ನೋಡುತ್ತ, “ಎಷ್ಟ ತಿಳಿ ಐತ್ರಿ ನೀರು,” ಅಂದಳು. “ಕುಡಿ ತಂಗಿ, ಯಾರಿಗೂ ಹೇಳೂದಿಲ್ಲ,” ಅಂದೆ. ಲೋಟ ಕೈಗೆ ತೆಗೆದುಕೊಂಡಳು, ತುಟಿಯ ತನಕ ಒಯ್ದಳು. ಆಮೇಲೆ ಕೆಳಗಿಟ್ಟಳು. “ಬ್ಯಾಡ್ರಿ ಬಾಯಾರ. ಅತ್ತಿ ಅಲ್ಲ, ನನಗ ಹೆದರಿಕಿ. ಇದೊಂದ ಐತಿ ನನಗ. ನಿಮ್ಮದು ಹುಟ್ಟಲಿ, ಕುಡಿತೇನಿ.” ಹಾಗಾದರೆ ಹಳ್ಳದ ನೀರನ್ನು ಕುದಿಸಿಯೇ ಕುಡಿ ಅಂತ ಆಣೆ ಮಾಡಿಸಿಕೊಂಡೆ. ಹೂಂ ಅಂದಳು.

ನನಗೆ ಒಂಬತ್ತು ತಿಂಗಳಿಗೆ ಬಿದ್ದಾಗ ಅವ್ವ ಬಂದು ಎಳೆದುಕೊಂಡು ಹೋದಳು. ಹೊರಡುವ ದಿನ ಆಯಿ ನನ್ನ ಕೈಗೆ ಹಸಿರು ಬಳೆ ತೊಡಿಸಿ, ಬಾವಿ ನೀರಿನ ಕೊಡವೊಂದನ್ನು ಬಸ್ಸಿನಲ್ಲಿಟ್ಟಳು. ಕಂಡಕ್ಟರ್ ಗೊಣಗಿದ, ಅವಳು ಕೊಂಕಣಿಯಲ್ಲಿ ಏನೋ ಗದರಿದಳು. ಮಳೆ ಹಿಡಿದದ್ದು ಅದೇ ವಾರ.

ಮಗ ಹುಟ್ಟಿದ. ಊರು ಕೇಳುವ ಹಾಗೆ ಅತ್ತ. ನಾನು ಮೊದಲು ಅವನ ಬೆರಳು ನೋಡಿದೆ, ಕಣ್ಣು ನೋಡಿದೆ, ಉಸಿರು ಬಿಟ್ಟೆ. ಸುದ್ದಿ ಮುಟ್ಟಿಸಬೇಕೆಂದರೆ ಹಳ್ಳಗಳೆಲ್ಲ ತುಂಬಿ ಬಸ್ಸು ನಿಂತಿದ್ದವು. ಗಂಡನ ಕೈಲಿ ಹೇಳಿ ಕಳಿಸಿದ್ದೂ ದಾಂಡೇಲಿಯಿಂದ ಮುಂದಕ್ಕೆ ದಾಟಲಿಲ್ಲ. ಬಾಣಂತನ ಮುಗಿಸಿ, ಮಳೆ ಹಿಂದಾದ ಮೇಲೆ, ಮಗನನ್ನು ಸೆರಗಿನಲ್ಲಿ ಸುತ್ತಿಕೊಂಡು ನಾನೇ ಆ ಊರಿಗೆ ಹೋದೆ.

ಹೆಂಗಸರು ಬಾವಿಕಟ್ಟೆಯ ಹತ್ತಿರ ಕೂಡಿದರು. ಆಯಿ ಕೂಸನ್ನು ಮಡಿಲಿಗೆ ಹಾಕಿಕೊಂಡು ಬಿಸಿಲಿಗೆ ಹಿಡಿದು, ಕಿವಿಯ ಹಿಂದೆ, ಬೆನ್ನು, ತೊಡೆ, ಒಂದೊಂದೇ ಬೆರಳು ಬಿಡಿಸಿ ನೋಡಿದಳು. “ಎಲ್ಲಾ ನೆಟ್ಟಗ ಐತಿ,” ಅಂದಳು. ದನಿಯಲ್ಲಿ ಕಸುವೇ ಇರಲಿಲ್ಲ. ಅಷ್ಟರಲ್ಲಿ ಸೊಸೆ ಬಂದಳು. ಒಂಬತ್ತು ತಿಂಗಳು ತುಂಬಬೇಕಾಗಿದ್ದವಳ ಸೆರಗು ಚಪ್ಪಟೆ ಹೊಟ್ಟೆಗೆ ಅಂಟಿ ಕೂತಿತ್ತು.

ಅವಳೇ ಹಗ್ಗ ಬಿಟ್ಟು ನೀರು ಸೇದಿದಳು, ತಂಬಿಗೆ ತುಂಬಿಸಿದಳು. “ಮಳ್ಯಾಗ ಕಟಗಿ ಹಸೀ ಆದವ್ರಿ. ನೀರ ಕಾಸೂದು ಆಗಲಿಲ್ಲ. ಭೇದಿ ಹತ್ತಿತು,” ಅಂದಳು. ನನ್ನ ಮಗನ ಕಾಲನ್ನು ಒಂದು ಸಲ ಮುಟ್ಟಿದಳು.

“ನಿಮ್ಮದು ಹುಟ್ಟೂತನಕ ಕಾಯೂಣು ಅಂದಿದ್ವಿ ಬಾಯಾರ. ನಮ್ಮದು ಕಾಯಲಿಲ್ಲ.”

ಹಾಗಂದು ತಂಬಿಗೆ ಎತ್ತಿ, ಎಲ್ಲರಿಗಿಂತ ಮೊದಲು ತಾನು ಕುಡಿದಳು.