ಬಂಡೆ ನೆರಳಿನ ರಾಜಿ ಪಂಚಾಯ್ತಿ

“ಗಂಡನ್ ಜೊತೆ ಜಗಳ ಆಡ್ಕಂಡು ತವರಿಗೆ ಹೊಂಟ್ಬುಟ್ಯೇನಮ್ಮ?”

ಕೊಡಿಗೇನಹಳ್ಳಿ ಆಚೆಯ ಬಂಡೆಗಳ ನಡುವೆ ಬ್ಯಾಗು ಹೊತ್ತು ಒಬ್ಬಳೇ ನಡೆಯುತ್ತಿದ್ದ ನನ್ನನ್ನು, ಕುರಿ ಮೇಯಿಸುತ್ತಿದ್ದ ಅಜ್ಜಿಯೊಬ್ಬರು ತಡೆದು ಕೇಳಿದರು. ಬೆಟ್ಟ ನೋಡುತ್ತ ನಡೆಯುವುದೇ ನನಗೆ ಖುಷಿ ಎಂದರೆ ನಂಬಲೇ ಇಲ್ಲ. ಬಂಡೆಯ ನೆರಳಲ್ಲಿ ಕೂರಿಸಿ, ತಮ್ಮ ಬುತ್ತಿಯ ಮುದ್ದೆಯಲ್ಲಿ ಅರ್ಧ ತಿನ್ನಿಸಿದರು. ಆಮೇಲೆ ನನ್ನ ಫೋನಿನಿಂದಲೇ ಗಂಡನಿಗೆ ಕರೆ ಮಾಡಿಸಿ, “ಹೆಣ್ಮಗೀನ ಇಂಗೆ ಬಂಡೆಬಂಡೆ ಅಲೆಯಂಗೆ ಮಾಡಿದ್ದೀಯಲ್ಲಪ್ಪ, ನಾಚ್ಕೆ ಆಗಲ್ವಾ?” ಎಂದು ತರಾಟೆಗೆ ತೆಗೆದುಕೊಂಡರು. ಆ ಕಡೆಯಿಂದ ನಮ್ಮವರು, “ತಪ್ಪಾಯ್ತು ಅಜ್ಜಿ, ಇನ್ಮೇಲೆ ಹಾಗೆ ಮಾಡಲ್ಲ” ಎಂದುಬಿಟ್ಟರು!

ಸಂಜೆ ಮನೆಗೆ ಬಂದು, ಯಾವ ತಪ್ಪು ಎಂದು ಕೇಳಿದೆ. “ಗೊತ್ತಿಲ್ಲ, ಏನೋ ಒಂದು ಮಾಡಿರ್ತೀನಲ್ಲ” ಎಂದರು. ಈಗ ನಾನು ಮುಖ ದಪ್ಪ ಮಾಡಿಕೊಂಡು ಬೂಟು ಹಾಕಿಕೊಳ್ಳಲು ಕೂತರೆ ಸಾಕು, ಅವರು ಕಾಫಿಗೆ ಹಾಲಿಡಲು ಏಳುತ್ತಾರೆ.