ಬಂದವರನ್ನು ಬರಲಿಲ್ಲ ಎಂದು ಬರೆದೆ

ಮಹಾದೇವಿ ಬಂದಿದ್ದರು. ಬರಲಿಲ್ಲ ಎಂದು ಬರೆದವಳು ನಾನು. ಬರೆದದ್ದಷ್ಟೇ ಅಲ್ಲ, ಅವರ ಎದುರಿಗೇ ನಿಂತು— ಅದನ್ನು ಆಮೇಲೆ ಹೇಳುತ್ತೇನೆ. ಇಷ್ಟನ್ನು ಮೊದಲು ಬರೆಯದಿದ್ದರೆ ಇವತ್ತೂ ಸುತ್ತಿ ಬಳಸಿ ತಪ್ಪಿಸಿಕೊಂಡುಬಿಡುತ್ತಿದ್ದೆ.

ತೊಂಬತ್ತರ ದಶಕದ ಕೊನೆ. ಕಲಬುರಗಿಯ ಒಂದು ದಂತ ಕಾಲೇಜಿನಲ್ಲಿ ನಾನು ಸ್ನಾತಕೋತ್ತರ ವಿದ್ಯಾರ್ಥಿನಿ. ಹಲ್ಲಿಗೆ ತುಂಬುವ, ಹಲ್ಲಿನದೇ ಬಣ್ಣದ ಕಾಂಪೋಸಿಟ್ ಆಗ ನಮ್ಮ ಕಡೆ ಹೊಸದು. ನೋಡಲು ಚಂದ, ಬಾಳಿಕೆ ಕಡಿಮೆ. ಅದರ ರಾಳದಲ್ಲಿ ಬೆರೆಸುವ ಗಾಜಿನ ಪುಡಿಗೆ ಬೇರೊಂದು ಲೇಪ ಕೊಟ್ಟರೆ ಎರಡೂ ಬಿಗಿಯಾಗಿ ಹಿಡಿದುಕೊಳ್ಳುತ್ತವೆ, ತುಂಬಿದ್ದು ಹೆಚ್ಚು ಕಾಲ ಉಳಿಯುತ್ತದೆ— ಇದು ನನ್ನ ಸಂಶೋಧನೆ. ಆ ಮಿಶ್ರಣದಿಂದ ಮಾಡಿ ನೀರಿನ ಬಾಟಲಿಗಳಲ್ಲಿ ಮುಳುಗಿಸಿಟ್ಟ ಬಿಲ್ಲೆಗಳು ತಿಂಗಳುಗಟ್ಟಲೆ ಗಟ್ಟಿಯಾಗಿದ್ದವು. ಆಮೇಲೆ, ಒಪ್ಪಿದ ಕೆಲವು ರೋಗಿಗಳಿಗೆ ಅದನ್ನೇ ತುಂಬಿದೆ.

ಮಹಾದೇವಿ ಅವರಲ್ಲಿ ಒಬ್ಬರು. ಕಮಲಾಪುರದಲ್ಲಿ ಬ್ಲೌಸ್ ಹೊಲಿಯುವವರು. ದಾರ ಕಚ್ಚಿ ಕಚ್ಚಿ ಮುಂದಿನ ಹಲ್ಲಿನ ಮೂಲೆ ಮುರಿದುಕೊಂಡಿದ್ದರು. ಇನ್ನು ದಾರ ಕಚ್ಚಬಾರದು, ಆರು ತಿಂಗಳಿಗೊಮ್ಮೆ ತೋರಿಸಬೇಕು, ಎರಡು ವರ್ಷ ಎಂದೆ.

"ಬರ್ತೀನ್ರೀ ಮೇಡಂ. ಹೇಳಿದ ದಿನಕ್ಕ ಬ್ಲೌಸ್ ಕೊಡಾಕಿ ನಾ. ದಿನ ತಪ್ಪಸಂಗಿಲ್ಲ."

ತಪ್ಪಿಸಲಿಲ್ಲ. ಮುಂದಿನ ಸಲ ಬಂದಾಗ ಕೊರಳಲ್ಲಿ ದಾರಕ್ಕೆ ಕಟ್ಟಿದ ಸಣ್ಣ ಕತ್ತರಿ ಇತ್ತು.

ಮೂರನೆಯ ಭೇಟಿಯಲ್ಲಿ ನೋಡಿದರೆ, ತುಂಬಿದ್ದರ ಅಂಚು ಕಂದುಬಣ್ಣಕ್ಕೆ ತಿರುಗಿ ಮೂಲೆ ಉದುರಿತ್ತು. "ದಾರ ಕಚ್ಚೀರೇನ್ರೀ?" ಎಂದು ಕೇಳಿದೆ. "ಇಲ್ರೀ, ಖರೇನ ಇಲ್ಲ" ಎಂದರು. ಅವರು ಕಚ್ಚಿಲ್ಲ ಎಂಬುದು ನನಗೆ ಗೊತ್ತಿತ್ತು. ಎಂಜಲಿನ ತೇವ ಹೀರಿ ನನ್ನ ಮಿಶ್ರಣವೇ ಒಳಗಿನಿಂದ ಸಡಿಲವಾಗಿತ್ತು. ಅದಕ್ಕೂ ಮುಂಚೆ ಇನ್ನಿಬ್ಬರದೂ ಹಾಗೇ ಆಗಿತ್ತು, ಅವನ್ನು ಬರೆದಿದ್ದೆ. ಇದೂ ಸೇರಿದರೆ ನನ್ನದು ಹಳೆಯದಕ್ಕಿಂತ ಮೇಲು ಎಂದು ಹೇಳುವಂತೆಯೇ ಇರಲಿಲ್ಲ. ಪರೀಕ್ಷೆ ಹತ್ತಿರ ಬಂದಿತ್ತು. ಗೈಡ್ ಸರ್ ಆಗಲೇ ಎಲ್ಲರೆದುರು ಹೊಗಳಿ—

ಅಂಗಡಿಯಿಂದ ತಂದ ಮಾಮೂಲಿ ಕಾಂಪೋಸಿಟ್ ತುಂಬಿ ಅವರನ್ನು ಕಳಿಸಿದೆ. ರಿಜಿಸ್ಟರಿನಲ್ಲಿ ಅವರ ಹೆಸರಿನ ಮುಂದೆ "ಬರಲಿಲ್ಲ" ಎಂದು ಬರೆದೆ. ಹಳ್ಳಿಗಳಿಂದ ನಿಜವಾಗಿಯೂ ಬಾರದೆ ಉಳಿದವರು ಬೇಕಾದಷ್ಟು ಜನರಿದ್ದರು. ಇನ್ನೊಬ್ಬರು ಸೇರಿದರೆ ಯಾರು ಕೇಳುತ್ತಾರೆ?

ಕೇಳಿದರು. ಕೊನೆಯ ಭೇಟಿಯ ದಿನ ರಿಜಿಸ್ಟರು ಸರ್ ಕೈಯಲ್ಲಿತ್ತು.

"ಯಾಕವ್ವಾ, ಹೋದ ಸಲ ಬಂದಿಲ್ಲಲ್ಲ?"

"ಬಂದಿದ್ನಲ್ರೀ. ಈ ಮೇಡಂ ಅವರೇ ಹಲ್ಲು ಮತ್ತ ತುಂಬ್ಯಾರ."

ಸರ್ ನನ್ನತ್ತ ನೋಡಿದರು. ಆಗ ಹೇಳಬಹುದಿತ್ತು. ಅಷ್ಟು ಹೊತ್ತು ನನಗೆ ಸಿಕ್ಕಿತ್ತು.

"ಇಲ್ಲ ಸರ್. ಬೇರೆ ಕಡೆ ತುಂಬಿಸ್ಕೊಂಡಿರ್ಬೇಕು."

ಬೆಂಚಿನ ಮೇಲೆ ಕುಳಿತಿದ್ದ ರೋಗಿಗಳೆಲ್ಲ ಮಹಾದೇವಿಯನ್ನೇ ನೋಡಿದರು. ಅವರು ನನ್ನನ್ನು ನೋಡಿದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎದ್ದು ಹೋದರು.

ನನಗೆ ಪದವಿ ಬಂತು. ಲೇಖನ ಅಚ್ಚಾಯಿತು. ಅದನ್ನು ನಂಬಿ ನನ್ನ ನಂತರದ ವಿದ್ಯಾರ್ಥಿಗಳು ಅದೇ ಮಿಶ್ರಣವನ್ನು ಇನ್ನಷ್ಟು ಜನರ ಹಲ್ಲಿಗೆ ತುಂಬಿದರು. ನಾನು ಕಲಬುರಗಿಯಲ್ಲೇ, ಜಗತ್ ಬಡಾವಣೆಯಲ್ಲಿ, ಕ್ಲಿನಿಕ್ ತೆರೆದೆ— ಅಲ್ಲಿ ಅದನ್ನು ಒಂದೇ ಒಂದು ಹಲ್ಲಿಗೂ ಮುಟ್ಟಿಸಲಿಲ್ಲ. ಗೊತ್ತಿಲ್ಲದೆ ಆಯಿತು ಎಂದು ನಾನು ಹೇಳುವಂತಿಲ್ಲ.

ಕೆಲವು ವರ್ಷಗಳ ಮೇಲೆ ಒಬ್ಬ ಶಾಲಾ ಶಿಕ್ಷಕಿ ಬಂದರು. ಮುಂದಿನ ಹಲ್ಲು, ಕಂದು ಅಂಚು, ಉದುರಿದ ಮೂಲೆ. ನಮ್ಮ ಕಾಲೇಜಿನಲ್ಲೇ ತುಂಬಿಸಿಕೊಂಡಿದ್ದರಂತೆ. "ನಾನೇ ಏನೋ ಗಟ್ಟಿ ಕಚ್ಚೀನಿ ಅಂತ ಅಲ್ಲಿ ಡಾಕ್ಟ್ರು ಬೈದ್ರು ಮೇಡಂ. ನಾ ಕಚ್ಚಿಲ್ರೀ" ಎಂದರು.

ಮರುದಿನ ಕಮಲಾಪುರದ ಬಸ್ಸು ಹತ್ತಿದೆ.

ಮಹಾದೇವಿ ಗುರುತು ಹಿಡಿದರು, ಕೂಡ್ರಿ ಎಂದರು. ನಾನು ನಿಂತೇ ಎಲ್ಲ ಹೇಳಿದೆ. ಹೊಲಿಗೆ ಯಂತ್ರದ ಮೇಲೆ ಕೈಯಿಟ್ಟುಕೊಂಡು ಕೇಳಿದರು. ಆಮೇಲೆ ಹೇಳಿದರು.

"ಅವತ್ತ ಮನಿಗಿ ಬಂದು ಕ್ಯಾಲೆಂಡರ್ ತೆಗೆದು ನೋಡಿನ್ರೀ. ಬಸ್ಸಿನ ಟಿಕೀಟ್ ಹುಡುಕಿನಿ. ಓದಿದಾಕಿ ಯಾಕ ಸುಳ್ಳು ಹೇಳ್ತಾಳ, ನನ್ನ ತಲಿನೇ ಕೆಟ್ಟಾದೇನೋ ಅಂತ… ಭಾಳ ದಿನ ಅಂಜೀನ್ರೀ."

ಹಲ್ಲಿನ ಬಗ್ಗೆ, ಅವಮಾನದ ಬಗ್ಗೆ ಯೋಚಿಸಿದ್ದೆ. ಇದನ್ನು ಮಾತ್ರ— ಇಲ್ಲ, ಒಮ್ಮೆಯೂ ಯೋಚಿಸಿರಲಿಲ್ಲ.

"ಉಳಿದವ್ರಿಗಿ ಹೇಳೀರೇನ್ರೀ?" ಎಂದು ಕೇಳಿದರು.

"ಇಲ್ಲ" ಎಂದೆ. ಅವರು ಮತ್ತೆ ಹೊಲಿಯತೊಡಗಿದರು. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ಆ ವಾರವೇ ಕಾಲೇಜಿಗೂ ಲೇಖನ ಅಚ್ಚು ಮಾಡಿದ ಪತ್ರಿಕೆಗೂ ಎಲ್ಲವನ್ನೂ ಬರೆದು ಸಹಿ ಹಾಕಿ ಕಳಿಸಿದೆ. ನಿವೃತ್ತರಾಗಿದ್ದ ಸರ್ ಮನೆಗೂ ಹೋಗಿ ಹೇಳಿದೆ. ಅಂದಿನಿಂದ ಅವರು ನನ್ನೊಡನೆ ಮಾತಾಡಿಲ್ಲ. ಆ ಮಿಶ್ರಣ ತುಂಬಿಸಿಕೊಂಡವರ ವಿಳಾಸಗಳನ್ನು ಕಾಲೇಜಿನಿಂದ ಪಡೆದು ಒಬ್ಬೊಬ್ಬರಿಗೂ ಕಾಗದ ಬರೆಯುತ್ತಿದ್ದೇನೆ: ಬನ್ನಿ, ಹಲ್ಲು ಸರಿಮಾಡಿಕೊಡುತ್ತೇನೆ, ಕಾರಣ ಎದುರಿಗೇ ಹೇಳುತ್ತೇನೆ.

ಮೊನ್ನೆ ಮಹಾಗಾಂವದಿಂದ ಒಬ್ಬ ಹಿರಿಯರು ನನ್ನ ಕಾಗದ ಹಿಡಿದು ಬಂದರು. ಕುರ್ಚಿಯ ಮೇಲೆ ಕೂಡಿಸುವ ಮೊದಲೇ ಹೇಳಿದೆ: "ಹಲ್ಲು ಮುರಿದಿದ್ದು ನಿಮ್ಮ ತಪ್ಪಲ್ರೀ. ನನ್ನ ಸುಳ್ಳಿನಿಂದ ಆಗಿದ್ದು."

ಅವರು ಬಾಗಿಲ ಕಡೆ ತಿರುಗಿದರು. "ಹಂಗಾದ್ರ ನಿಮ್ಮ ಕೈಲಿ ಬ್ಯಾಡ್ರಿ" ಎಂದು ಚಪ್ಪಲಿ ಮೆಟ್ಟಿಕೊಂಡರು.

ನಾನು ಹೋಗಿ ಬಾಗಿಲು ತೆರೆದು ನಿಂತೆ.